ಅಪ್ಪನ ಕಾಲ ಮೇಲೆ ಕೂತ ದಿನ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಯಾರೇ ಬಂದರೂ ಬಾಗಿಲಲ್ಲಿ ಒಮ್ಮೆ ನಿಂತು ಮೂಗರಳಿಸುತ್ತಿದ್ದರು. ಅರವತ್ತರ ದಶಕದ ಸಾಗರ ಅದು. ನಮ್ಮ ಬೀದಿಯಲ್ಲಿ ಶ್ರೀಗಂಧ ಕೆತ್ತುವವರದೇ ಮನೆಗಳು. ಉಣ್ಣುವ ಅನ್ನಕ್ಕೂ ಗಂಧದ ಪರಿಮಳ, ಹೊದೆಯುವ ಕಂಬಳಿಗೂ ಅದೇ. ಅಪ್ಪ ಜಗಲಿಯಲ್ಲಿ ಕೂತು ವಿಗ್ರಹ ಕೆತ್ತುತ್ತಿದ್ದರು. ಅಕ್ಕನೂ ನಾನೂ ಗಂಧದ ತೆಳು ಚಕ್ಕೆಗಳನ್ನು ಪೋಣಿಸಿ ಹಾರ ಮಾಡುತ್ತಿದ್ದೆವು.

ಅಪ್ಪನಿಗೆ ಮೇಜು ಕುರ್ಚಿ ಬೇಕಿರಲಿಲ್ಲ. ನೆಲದ ಮೇಲೆ ಕೂತು, ಮರದ ತುಂಡನ್ನು ಎರಡೂ ಅಂಗಾಲುಗಳ ನಡುವೆ ಒತ್ತಿ ಹಿಡಿದು, ಕೈಯಲ್ಲಿ ಉಳಿ ಆಡಿಸುತ್ತಿದ್ದರು. ದೇವರಿಗೆ ಕಾಲು ತಾಗಿಸುವುದಾ ಎಂದು ಕೇಳಬೇಡಿ, ನಾನೂ ಕೇಳಿ ಅಮ್ಮನಿಂದ ಬೈಸಿಕೊಂಡಿದ್ದೆ. ಕಣ್ಣು ಕೆತ್ತುವ ತನಕ ಅದು ಬರೀ ಮರ. ಕಣ್ಣು ಮೂಡಿದ ಮೇಲೆ ದೇವರು. ಆದ್ದರಿಂದ ಕಣ್ಣು ಕಟ್ಟಕಡೆಗೆ, ಆಮೇಲೆ ಕಾಲು ತಾಗಿಸುವಂತಿಲ್ಲ.

ಒಂದು ಸಲ, ಮಳೆಗಾಲ ಶುರುವಾಗುವ ಹೊತ್ತಿಗೆ, ಅಪ್ಪ ಮೈಮರೆತರು. ಕಣ್ಣು ಮೂಡಿಸಿಯಾಗಿದ್ದ ಕೃಷ್ಣನ ಕೊಳಲಿನ ತುದಿ ಒರಟಾಗಿ ಕಂಡಿತು. ಕೈಗೆ ರೂಢಿಯಾದಂತೆ ವಿಗ್ರಹವನ್ನು ಅಂಗಾಲುಗಳ ನಡುವೆ ಸಿಕ್ಕಿಸಿಕೊಂಡು ಉಜ್ಜಿಬಿಟ್ಟರು. ಆಮೇಲೆ ನೆನಪಾಯಿತು. ಮುಖ ಬಿಳಚಿಕೊಂಡಿತು. ಅಂದೇ ಹರಕೆ ಹೊತ್ತರು: ಒಂದು ವರ್ಷ ಚಪ್ಪಲಿ ಇಲ್ಲ, ಒಪ್ಪೊತ್ತು ಊಟ. ಪ್ರತಿ ವಾರ ಗದ್ದೆಯಂಚಿನ ಕೆಸರು ತುಳಿದುಕೊಂಡು ಊರಾಚೆಯ ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗಿಬರುತ್ತಿದ್ದರು.

ಚಳಿ ಕಳೆಯುವಷ್ಟರಲ್ಲಿ ಅಪ್ಪನ ಕಾಲು ಅಪ್ಪನ ಮಾತು ಕೇಳುವುದನ್ನು ಬಿಟ್ಟಿತು. ಸಂಜೆಯಾಗಿ ಒಂದು ಕಡೆ ಕೂತರೆ ಸಾಕು, ಶುರು. "ನೋವಲ್ಲ ಮಾರಾಯ್ತಿ, ಮೂಳೆಯೊಳಗೆ ಎಂತದೋ ಹರಿದಾಡ್ತದೆ" ಎಂದು ಅಮ್ಮನಿಗೆ ಹೇಳುತ್ತಿದ್ದರು. ಎದ್ದು ನಡೆದರೆ ಹೋಗುತ್ತಿತ್ತು, ಕೂತರೆ ಮತ್ತೆ ಬರುತ್ತಿತ್ತು. ಬೆಳಗಿನ ತನಕ ಜಗಲಿಯಲ್ಲಿ ಓಡಾಡಿ, ಹಗಲು ತೂಕಡಿಸುತ್ತಿದ್ದರು. ಮೊದಲು ಗದರಿಯೂ ಗೊತ್ತಿಲ್ಲದ ಅಪ್ಪ ಸಣ್ಣ ಸದ್ದಿಗೂ ಸಿಡುಕತೊಡಗಿದರು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಅದೇ ಹೊತ್ತಿಗೆ ನನ್ನ ಬಳಪಗಳು ಮಾಯವಾಗತೊಡಗಿದವು. ಅಕ್ಕನೇ ಕಳ್ಳಿ ಎಂದು ಜಗಳವಾಡಿದೆ. ನೋಡಿದರೆ ಹಿತ್ತಿಲಲ್ಲಿ ನಿಂತು ಕಟಕಟ ಅಗಿಯುತ್ತಿದ್ದವರು ಅಪ್ಪ.

ದೇವರ ಸಿಟ್ಟು ಇನ್ನೂ ಇಳಿದಿಲ್ಲವೆಂದೇ ಅಪ್ಪ ನಂಬಿದ್ದರು. ತಿನ್ನುತ್ತಿದ್ದ ಒಪ್ಪೊತ್ತಿನಲ್ಲೂ ಅರ್ಧಕ್ಕೇ ಏಳತೊಡಗಿದರು. ಅಮ್ಮನ ಕಣ್ಣು ಸದಾ ಕೆಂಪಗಿರುತ್ತಿತ್ತು. ಅಪ್ಪ ಉಳಿ ಕೆಳಗಿಟ್ಟರೆ ನಮ್ಮ ಮನೆಗೆ ಬೇರೆ ದಾರಿ ಇರಲಿಲ್ಲ. ಅದು ನನಗೂ ಗೊತ್ತಿತ್ತು, ಹೆದರಿಕೆಯೂ ಆಗುತ್ತಿತ್ತು.

ಆ ದಿನ ಇನ್ನೊಬ್ಬ ಕೃಷ್ಣನಿಗೆ ಕಣ್ಣು ಮೂಡಿಸುವುದಿತ್ತು. ಮೈಯೆಲ್ಲ ಮುಗಿದು ನಯವಾಗಿ ಹೊಳೆಯುತ್ತಿತ್ತು. ಒಯ್ಯುವವರು ಮರುದಿನವೇ ಬರುವವರಿದ್ದರು. ಕಾಲಿನ ಕಾಟ ಅಂದು ಮಧ್ಯಾಹ್ನಕ್ಕೇ ಹತ್ತಿಕೊಂಡಿತು. ಅಪ್ಪ ನಾಲ್ಕಾರು ಸಲ ಕೂತರು, ಎದ್ದರು. ಕೊನೆಗೆ ನಮ್ಮನ್ನು ಕರೆದರು.

"ಬನ್ರೇ ಇಬ್ರೂ. ನನ್ನ ಕಾಲ್ ಮೇಲೆ ಕೂತ್ಕಳಿ. ಅಲ್ಲಾಡಕ್ಕೆ ಬಿಡ್ಬೇಡಿ."

ಒಂದು ಕಾಲ ಮೇಲೆ ಅಕ್ಕ ಕೂತಳು, ಇನ್ನೊಂದರ ಮೇಲೆ ನಾನು. ನನ್ನ ಕೆಳಗೆ ಆ ಕಾಲು ಸೆಳೆಯುತ್ತಿತ್ತು, ಬಿಗಿಯುತ್ತಿತ್ತು, ಬುಟ್ಟಿಯಡಿ ಮುಚ್ಚಿಟ್ಟ ಕೋಳಿಯಂತೆ ಒದ್ದಾಡುತ್ತಿತ್ತು. ಅಪ್ಪನ ಬೆವರು ನನ್ನ ತೋಳಿನ ಮೇಲೆ ಬಿತ್ತು. ಉಳಿಯ ತುದಿ ಕಣ್ಣಿನ ಜಾಗಕ್ಕೆ ಬಂತು. ಅಷ್ಟರಲ್ಲಿ ಕಾಲು ನನ್ನನ್ನೂ ಎತ್ತಿ ಜಾಡಿಸಿತು. ಉಳಿ ಜಾರಿ ಕೃಷ್ಣನ ಕೆನ್ನೆಯುದ್ದಕ್ಕೂ ಗೀರು ಬಿತ್ತು.

ಅಪ್ಪ ವಿಗ್ರಹ ಕೆಳಗಿಟ್ಟು, ನಮ್ಮೆದುರೇ ಬಿಕ್ಕಿ ಬಿಕ್ಕಿ ಅತ್ತರು. "ಈ ಕಾಲು ಕಡಿದು ಬಿಸಾಡಣ ಅನಿಸ್ತದೆ" ಎಂದು ಪಕ್ಕದಲ್ಲಿದ್ದ ಬಾಚಿಯತ್ತ ನೋಡಿದರು. ಬಾಚಿ ಎಂದರೆ ಮರ ಕೆತ್ತುವ ಹರಿತವಾದ ಆಯುಧ. ಒಳಗಿಂದ ಬಂದ ಅಮ್ಮ ಬಾಚಿ, ಉಳಿಗಳನ್ನೆಲ್ಲ ಸೆರಗಿಗೆ ತುಂಬಿಕೊಂಡು ಒಳಗಿಟ್ಟು ಬಂದರು.

"ಏಳಿ, ಆಸ್ಪತ್ರೆಗೆ ಹೋಗಣ."

"ಇದು ಡಾಕ್ಟರಿಗೆ ತಿಳಿಯೋದಲ್ಲ ಕಣೆ. ದೇವರಿಗೂ ನಂಗೂ ಇರೋದು."

"ಹಂಗಾದ್ರೆ ದೇವಸ್ಥಾನಕ್ಕೇ ಹೋಗಣ. ಆಸ್ಪತ್ರೆ ದಾರಿಲೇ ಸಿಗ್ತದೆ."

ಆಸ್ಪತ್ರೆಯ ಬೆಂಚಿನಲ್ಲಿ ಅಪ್ಪ ಕೂರಲಾರದೆ ಅತ್ತಿಂದಿತ್ತ ತಿರುಗಾಡಿದರು. ಅವರ ಮಾತು ಕೇಳಿ ಡಾಕ್ಟರು ಗಲ್ಲ ಕೆರೆದುಕೊಂಡರು. ನನಗೆ ನನ್ನದೇ ಸಂಕಟ. "ನನ್ನ ಬಳಪ ಎಲ್ಲ ಅಪ್ಪನೇ ತಿಂತಾರೆ" ಎಂದುಬಿಟ್ಟೆ. ಅಮ್ಮ ಚಿವುಟಿದರು. ಡಾಕ್ಟರು ಮಾತ್ರ ತಟ್ಟನೆ ಎದ್ದು ಅಪ್ಪನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಅಲ್ಲಿ ಕೆಂಪೇ ಇರಲಿಲ್ಲ, ಅಕ್ಕಿ ತೊಳೆದ ನೀರಿನ ಬಣ್ಣವಿತ್ತು. ಆಮೇಲೆ ಬಗ್ಗಿ ಪಾದ ನೋಡಿದರು.

"ಚಪ್ಪಲಿ ಹಾಕಲ್ವಾ?"

ಅಮ್ಮನೇ ಹರಕೆಯ ಕಥೆ ಹೇಳಿದರು. ಡಾಕ್ಟರು ನಗಲಿಲ್ಲ. ರಕ್ತ ಕಡಿಮೆಯಾದವರಿಗೆ ಹೀಗೆ ಬಳಪ ತಿನ್ನುವ ಚಪಲ ಹುಟ್ಟುತ್ತದೆ, ಗಲೀಜು ಕೆಸರಿನಲ್ಲಿರುವ ಹುಳ ಬರಿಗಾಲಿನಿಂದ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಕುಡಿಯುತ್ತದೆ, ಅರೆಹೊಟ್ಟೆಯ ಊಟದಲ್ಲಿ ಹೊಸ ರಕ್ತ ಹುಟ್ಟುವುದಿಲ್ಲ ಎಂದರು. "ಕಾಲು ಯಾಕೆ ಹಿಂಗೆ ಅಂತ ನಂಗೂ ಸರಿಯಾಗಿ ಗೊತ್ತಿಲ್ಲ. ಮೊದ್ಲು ರಕ್ತ ಆಗ್ಲಿ, ನೋಡಣ." ಹುಳಕ್ಕೆ ಔಷಧಿ, ಕಬ್ಬಿಣದ ಮಾತ್ರೆ ಕೊಟ್ಟರು. ಹೊಟ್ಟೆ ತುಂಬ ಉಣ್ಣಬೇಕು, ಚಪ್ಪಲಿ ಹಾಕಲೇಬೇಕು ಎಂದರು.

ಮಾತ್ರೆಗೆ ಅಪ್ಪ ಒಪ್ಪಿದರು, ಚಪ್ಪಲಿಗೆ ಇಲ್ಲ. ಹರಕೆಯ ವರ್ಷ ಮುಗಿದಿರಲಿಲ್ಲ. ಮನೆಗೆ ಬಂದು ಅಮ್ಮ ಅಟ್ಟದಿಂದ ಹಳೆಯ ಚಪ್ಪಲಿ ತೆಗೆದು, ಧೂಳು ಒರೆಸಿ, ಅಪ್ಪನ ಮುಂದಿಟ್ಟರು.

"ಹಾಕ್ಕಳಿ. ದೇವರಿಗೆ ನಾ ಹೇಳ್ಕತ್ತೀನಿ."

ಅಪ್ಪ ದೇವರ ಕೋಣೆಯತ್ತ ಒಮ್ಮೆ ನೋಡಿದರು. ಆಮೇಲೆ ಕದಿಯುವವರ ಹಾಗೆ ಮೆಲ್ಲಗೆ ಒಂದೊಂದೇ ಪಾದ ತೂರಿಸಿದರು. ಅಮ್ಮ ಒಳಗೆ ಹೋಗಿ ದೇವರ ಮುಂದೆ ದೀಪ ಹಚ್ಚಿ ಕೂತರು. ಏನು ಹೇಳಿಕೊಂಡರೋ, ಯಾರಿಗೂ ಹೇಳಲಿಲ್ಲ.

ಮುಂದಿನ ಮಳೆ ಹಿಡಿಯುವ ಹೊತ್ತಿಗೆ ಅಪ್ಪನ ತುಟಿಗೆ ಬಣ್ಣ ಬಂತು. ಕಾಲು ಪೂರ್ತಿ ಸುಮ್ಮನಾಗಲಿಲ್ಲ, ಆದರೆ ಕೆಲಸಕ್ಕೆ ಕೂರಲು ಬಿಟ್ಟಿತು. ಗೀರುಬಿದ್ದ ಕೃಷ್ಣನನ್ನು ಯಾರೂ ಒಯ್ಯಲಿಲ್ಲ. ನಮ್ಮ ಶೋಕೇಸಿನಲ್ಲಿರುವ ಕಣ್ಣಿಲ್ಲದ ಗೊಂಬೆ ಯಾರದೆಂದು ಮೊಮ್ಮಕ್ಕಳು ನೀವು ಕೇಳುತ್ತಿದ್ದಿರಲ್ಲ, ಅವನೇ ಇವನು.

ಈಗ ನಿಮಗೆ ಶಾಲೆಗೊಂದು ಶೂ, ಆಟಕ್ಕೊಂದು ಶೂ. ಅಪ್ಪನ ಆ ಕಾಟ ಈಗ ನನಗೂ ಬಂದಿದೆ. ಇದು ವಂಶದಲ್ಲಿ ಬರುವುದುಂಟಂತೆ, ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಹೆಚ್ಚುತ್ತದಂತೆ, ಇದಕ್ಕೊಂದು ಹೆಸರೂ ಇದೆಯಂತೆ. ಲ್ಯಾಬಿನವರು ಮನೆಗೇ ಬಂದು ಪರೀಕ್ಷೆಗೆಂದು ಒಂದಿಷ್ಟು ರಕ್ತ ತೆಗೆದುಕೊಂಡು ಹೋದರು. ಸಂಜೆಗೆ ನಿಮ್ಮ ಅಮ್ಮನ ಫೋನಿನಲ್ಲಿ ಫಲಿತಾಂಶ ಬಂತು. ಯಾವ ದೇವರ ಸಿಟ್ಟೂ ಅದರಲ್ಲಿ ಇರಲಿಲ್ಲ.

ಸಂಜೆ ಟಿವಿ ಮುಂದೆ ನನ್ನ ಕಾಲು ಚಡಪಡಿಸಿದರೆ, ಬಂದು ಕೂರ್ರೋ ಎನ್ನುತ್ತೇನೆ. ನೀವಿಬ್ಬರೂ ಓಡಿಬಂದು ಒಂದೊಂದು ಕಾಲ ಮೇಲೆ ಕೂತು, ಉಯ್ಯಾಲೆ ಸಿಕ್ಕಿತೆಂದು ಕಿಲಕಿಲ ನಗುತ್ತೀರಿ. ಅಂದು ಅಕ್ಕನೂ ನಾನೂ ಉಸಿರು ಬಿಗಿಹಿಡಿದು ಕೂತಿದ್ದೆವು. ಅಪ್ಪನ ಕಾಲ ಮೇಲೆ ಕೂತು ನಗಬಹುದೆಂದು ನಮಗೆ ಗೊತ್ತೇ ಇರಲಿಲ್ಲ.