ಅಮ್ಮ ಕೇಳಿದ ನೀರು

ಪಾವಗಡ ತಾಲ್ಲೂಕಿನ ನಮ್ಮೂರಿನವರು ನಕ್ಕರೆ ಸಾಕು, ಯಾವ ನೀರು ಕುಡಿದು ಬೆಳೆದವರೆಂದು ಹಲ್ಲು ಹೇಳಿಬಿಡುತ್ತದೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಗೀರು ಎಳೆಯುತ್ತದೆ. ನನ್ನವೂ ಹಾಗೇ ಇವೆ. ಅಮ್ಮನಿಗೆ ಅದು ಹಲ್ಲಿಗೆ ನಿಲ್ಲದೆ ಮೂಳೆಗೆ ಇಳಿಯಿತು. ಮಂಡಿ ಮಡಿಸಲು ಬಾರದು, ಕುತ್ತಿಗೆ ತಿರುಗದು, ಆಸರೆಯಿಲ್ಲದೆ ಅಂಗಳಕ್ಕೂ ಇಳಿಯಲಾರಳು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು.

ನಾನು ಶಾಲೆ ಮೇಷ್ಟ್ರು. ಪಾಠ ಹೇಳುವ ಚಾಳಿ ಮನೆಗೂ ಬಂದಿತ್ತು. ತಾರಸಿಯಿಂದ ಪೈಪು ಇಳಿಸಿ, ಡ್ರಮ್ಮಿಗೆ ಜಲ್ಲಿ, ಮರಳು, ಇದ್ದಿಲು ತುಂಬಿ, ಅಂಗಳದಲ್ಲಿ ಸಂಪು ಕಟ್ಟಿಸಿದೆ. ಮೋಡ ಕಂಡರೆ ಪೊರಕೆ ಹಿಡಿದು ತಾರಸಿ ಏರುತ್ತಿದ್ದೆ. ಮೊದಲ ಮಳೆಯ ಕೊಳೆನೀರು ಹೊರಗೆ ಬಿಟ್ಟು, ಆಮೇಲಿನದನ್ನು ಮಾತ್ರ ಸಂಪಿಗೆ ತಿರುಗಿಸುತ್ತಿದ್ದೆ. ಕುಡಿಯಲು, ಅಡುಗೆಗೆ ಮಳೆನೀರೇ ಎಂದು ಕಟ್ಟಪ್ಪಣೆ ಮಾಡಿದೆ. ಬೇಳೆ ಬೇಗ ಬೇಯುತ್ತದೆಂದು ಹೆಂಡತಿಗೆ ಖುಷಿ.

ಅಮ್ಮ ಮಾತ್ರ ಮೊದಲ ಗುಟುಕಿಗೇ ಮುಖ ಸಿಂಡರಿಸಿದಳು.

"ಸಪ್ಪೆ ಕಣ್ಲಾ. ನೀರು ಕುಡ್ದಂಗೇ ಇಲ್ಲ. ಒಂದ್ ಚೊಂಬು ನಮ್ ಬೋರಿನ್ ನೀರು ತಂದ್ಕೊಡು."

"ಆ ನೀರೇ ಅಲ್ವೇನಮ್ಮ ನಿನ್ನ ಇಂಗೆ ಮಾಡಿದ್ದು?"

"ಮಾಡೋದೆಲ್ಲ ಮಾಡಾಯ್ತು, ಬುಡು. ಇನ್ನೇನ್ ಮಾಡ್ತೈತೆ?"

ನಾನು ಬಗ್ಗಲಿಲ್ಲ. ಅವಳಿಗೆ ಬೋರಿನ ನೀರು ಕೊಡಕೂಡದೆಂದು ಅಕ್ಕಪಕ್ಕದ ಮನೆಗಳಿಗೂ ಹೇಳಿಬಂದೆ. ಒಮ್ಮೆ ಹೆಂಡತಿ ಕನಿಕರಪಟ್ಟು ಮಳೆನೀರಿಗೆ ಅರ್ಧ ಬೋರಿನದು ಬೆರೆಸಿ ಕೊಟ್ಟಳು. "ಕೊಟ್ರೆ ಪೂರ್ತಿ ಕೊಡಮ್ಮ, ಕಲಬೆರಕೆ ಯಾಕೆ?" ಎಂದು ಅಮ್ಮ ಅವಳನ್ನೇ ಛೇಡಿಸಿದಳು. ಊರಿನ ಎರಡು ಬೋರುಗಳ ನೀರನ್ನು ಮುಂದಿಟ್ಟರೆ ಯಾವುದು ಎಲ್ಲಿಯದೆಂದು ಹೇಳುವ ನಾಲಿಗೆ ಅಮ್ಮನದು. ಆವತ್ತು ಹೆಂಡತಿಯ ಮೇಲೆ ನಾನು ರೇಗಾಡಿದ್ದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ತಿಂಗಳಿಗೊಮ್ಮೆ ಅಮ್ಮನ ಮಂಡಿ ಮಡಿಸಿ ನೋಡುತ್ತಿದ್ದೆ. ಸೆಟೆದದ್ದು ಸೆಟೆದಂತೆಯೇ ಇತ್ತು. ಸೆಟೆದ ಮೂಳೆ ಮತ್ತೆ ಸಡಿಲವಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಕೇಳಿಸಿಕೊಂಡಿದ್ದೆ, ಒಪ್ಪಿಕೊಂಡಿರಲಿಲ್ಲ. ಒಪ್ಪಿಕೊಂಡರೆ ಅವಳಿಗಾಗಿ ಮಾಡಲು ನನ್ನ ಕೈಯಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ.

ಹೀಗೇ ಮೂರು ವರ್ಷ ಕಳೆಯಿತು. ಈ ಬೇಸಿಗೆಯಲ್ಲಿ ಅಮ್ಮ ಹಾಸಿಗೆ ಹಿಡಿದಳು. ಊಟ ಬಿಟ್ಟಳು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, "ನಾಯ್ನಾ, ನಮ್ ನೀರು ಒಂದ್ ಗುಟ್ಕು ಕೊಡು," ಎಂದಳು. ಅವಳು ಬೇಡಿದ್ದು ಅದೇ ಮೊದಲು. ಅದುವರೆಗೆ ಜಗಳವಾಡುತ್ತಿದ್ದಳು.

ಅಂಗಳಕ್ಕೆ ಹೋದೆ. ಬೋರಿನ ನಲ್ಲಿಗೂ ಸಂಪಿಗೂ ನಾಲ್ಕೇ ಹೆಜ್ಜೆ. ಸಂಪಿನಿಂದಲೇ ಚೊಂಬು ತುಂಬಿಕೊಂಡು ಬಂದು, "ಬೋರಿಂದೇ ಕಣಮ್ಮ," ಎಂದೆ. ತಲೆ ಎತ್ತಿ ಹಿಡಿದು ಕುಡಿಸಿದೆ. ಅವಳು ಸ್ವಲ್ಪ ಹೊತ್ತು ನೀರನ್ನು ಬಾಯಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದಳು. ಆಮೇಲೆ ನುಂಗಿದಳು.

"ಹೂಂ, ಇದೇ ಕಣಪ್ಪ," ಎಂದಳು.

ಒಳಗೆ ಹೋಗಿ, "ಗೊತ್ತೇ ಆಗ್ಲಿಲ್ಲ ನೋಡು," ಎಂದು ಹೆಂಡತಿಗೆ ಹೇಳಿದೆ. ಅವಳು ನನ್ನ ಕೈಲಿದ್ದ ಚೊಂಬು ತೆಗೆದುಕೊಂಡು ಅಡುಗೆಮನೆಗೆ ನಡೆದಳು. ಮರುದಿನ ಬೆಳಿಗ್ಗೆ ಅಮ್ಮ ತೀರಿಕೊಂಡಳು.

ತಿಥಿಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುವುದು ನಮ್ಮಲ್ಲಿ ರೂಢಿ. ಗಂಡನ ಮನೆಯಿಂದ ಬಂದಿದ್ದ ನನ್ನ ಅಕ್ಕ ಬಾಳೆ ಎಲೆಗೆ ಮುದ್ದೆ, ಹುರುಳಿಕಾಳಿನ ಸಾರು, ಒಬ್ಬಟ್ಟು, ಎಲೆ ಅಡಿಕೆ ಎಲ್ಲ ಬಡಿಸಿದಳು. ಕೊನೆಗೆ ಖಾಲಿ ಚೊಂಬು ಹಿಡಿದು ನನ್ನ ಕಡೆ ತಿರುಗಿ, "ನೀರು ಯಾವ್ದು ಇಡ್ಲಿ?" ಎಂದು ಕೇಳಿದಳು.

ಚೊಂಬು ಇಸಿದುಕೊಂಡು ಎದ್ದೆ. ಬೋರಿನ ನಲ್ಲಿ ತಿರುಗಿಸಿ ಕಂಠಮಟ್ಟ ತುಂಬಿಸಿದೆ. ತಂದು ಎಡೆಯ ಪಕ್ಕದಲ್ಲಿಟ್ಟು ಕೈಮುಗಿದೆ. ಕುಡಿಯಲು ಅವಳಿರಲಿಲ್ಲ. ಇನ್ನು ಅವಳಿಗೆ ಏನೂ ಕೆಡುಕಾಗದೆಂದು ಖಾತ್ರಿಯಾದ ಮೇಲೆಯೇ ನಾನು ಆ ನೀರು ಕೊಟ್ಟಿದ್ದು.