ಬೆರಳಚ್ಚಿನ ತಜ್ಞರು

ಕೋರ್ಟಿನ ಎದುರುಸಾಲಿನ ಕಟ್ಟಡದಲ್ಲಿ, ಮಹಡಿ ಮೆಟ್ಟಿಲಿನ ಕೆಳಗೆ, ಒಂದು ಕುರ್ಚಿ, ಒಂದು ಮೇಜು, ಒಂದು ಹಳೆಯ ಟೈಪ್ ಮೆಷಿನ್ನು ಹಿಡಿಸುವಷ್ಟು ಜಾಗ. ಅಲ್ಲಿ ಕೂತು ಅವರು ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು ಹೊಡೆದು ಕೊಡುತ್ತಿದ್ದರು. ಏಳುವಾಗ ದಿನಕ್ಕೊಮ್ಮೆಯಾದರೂ ತಲೆ ಮೆಟ್ಟಿಲಿಗೆ ತಾಗುತ್ತಿತ್ತು. ಮೂವತ್ತು ವರ್ಷ ತಾಗಿದರೂ ತಲೆಯೂ ಕಲಿಯಲಿಲ್ಲ, ಮೆಟ್ಟಿಲೂ ಕಲಿಯಲಿಲ್ಲ. ಮೇಲೆ ನೀಲಿ ಬೋರ್ಡು: ‘ಬೆರಳಚ್ಚು. ಶೀಘ್ರ ಮತ್ತು ಶುದ್ಧ.’

ಜನ ಅವರನ್ನು ಟಕಟಕಪ್ಪ ಎನ್ನುತ್ತಿದ್ದರು. ಮೆಷಿನ್ನಿನ ಸದ್ದಿಗೆ ಬಂದ ಹೆಸರು ಅದು, ಆದರೆ ಮೆಷಿನ್ನಿಲ್ಲದಾಗಲೂ ಸಲ್ಲುತ್ತಿತ್ತು. ಅವರ ಬೆರಳು ಸುಮ್ಮನಿರುತ್ತಿರಲಿಲ್ಲ. ಬಸ್ಸಿನ ಸೀಟು, ಸ್ವಂತ ಮೊಣಕಾಲು, ಊಟದ ತಟ್ಟೆಯ ಅಂಚು, ಎಲ್ಲದರ ಮೇಲೂ ಏನಾದರೊಂದು ಟೈಪಾಗುತ್ತಲೇ ಇರುತ್ತಿತ್ತು. ಹೆಂಡತಿಗೆ ಅದು ಓದಲು ಬರುತ್ತಿತ್ತು, ಅಥವಾ ಬರುತ್ತದೆಂದು ಆಕೆ ಹೆದರಿಸುತ್ತಿದ್ದರು.

“ಈಗೇನು ನನ್ನ ಬೈದ್ರಾ?”

“ಇಲ್ಲ ಮಾರಾಯ್ತಿ, ಸುಮ್ನೆ.”

“ಹೆಬ್ಬೆರಳು ಬಿತ್ತು. ಒಂದು ಪದ ಮುಗೀತು. ಎರಡನೇದು ನಾನೇ ಇರಬೇಕು.”

ಹೀಗೆ ಯಾರ ಕಣ್ಣಿಗೂ ಬೀಳದೆ ಸಾಗುತ್ತಿದ್ದ ಬದುಕಿಗೆ ಗಡಿಯಾರದ ಅಂಗಡಿಯ ಮುದುಕನ ಕೊಲೆ ಬಂದು ಅಡ್ಡ ನಿಂತಿತು. ಒಂಟಿಯಾಗಿದ್ದ ಆತ ತನ್ನ ಅಡುಗೆಮನೆಯಲ್ಲಿ ತಲೆ ಒಡೆದು ಬಿದ್ದಿದ್ದ. ನಲ್ಲಿ ರಿಪೇರಿ ಮಾಡುವವನನ್ನು ಪೊಲೀಸರು ಹಿಡಿದರು. ಕಾರಣ ಒಂದೇ: ಆ ಅಡುಗೆಮನೆಯ ನಲ್ಲಿಯ ಮೇಲೆ ಅವನ ಬೆರಳಚ್ಚು ಸ್ಪಷ್ಟವಾಗಿ ಮೂಡಿತ್ತು. ‘ಹೋದ ತಿಂಗಳು ಅದೇ ನಲ್ಲಿ ನಾನೇ ರಿಪೇರಿ ಮಾಡಿದ್ದು, ಆಗಿಂದು’ ಎಂದು ಅವನು. ‘ಅಲ್ಲ, ಕೊಲೆಯಾದ ದಿನದ್ದು’ ಎಂದು ಪೊಲೀಸರು.

ವಿಚಾರಣೆ ಶುರುವಾದ ದಿನದಿಂದ ಊರಿಗೆ ಊರೇ ವಿಜ್ಞಾನಿಯಾಯಿತು. ಕ್ಷೌರದಂಗಡಿಯಲ್ಲಿ ಕೂದಲಿನ ಬೇರಿನ ಬಗ್ಗೆ, ಬಟ್ಟೆ ಒಗೆಯುವವನ ಹತ್ತಿರ ರಕ್ತದ ಕಲೆಯ ಬಗ್ಗೆ, ಟೀ ಅಂಗಡಿಯಲ್ಲಿ ಎಲ್ಲದರ ಬಗ್ಗೆಯೂ ಚರ್ಚೆ. ವಿಜ್ಞಾನದಲ್ಲಿ ಮೂರು ಸಲ ನಪಾಸಾದವರು ನಾಲ್ಕನೇ ಸಲಕ್ಕೆ ಇಲ್ಲಿ ಪಾಸಾದರು. ಇದನ್ನು ಬರೆಯುತ್ತಿರುವವನೂ ಆ ಗುಂಪಿನಲ್ಲಿ ಗ್ಲಾಸು ಹಿಡಿದು ತಲೆಯಾಡಿಸಿದವನೇ, ಆದ್ದರಿಂದ ಹೆಚ್ಚು ನಗುವ ಹಕ್ಕಿಲ್ಲ.

ಟಿವಿಯ ವರದಿಗಾರ್ತಿಯೊಬ್ಬಳು ಕೋರ್ಟಿನ ಮುಂದೆ ಮೈಕು ಹಿಡಿದು ಅಲೆಯುತ್ತಿದ್ದಳು. ನಿಜವಾದ ತಜ್ಞರು ಸಾಕ್ಷಿ ಹೇಳುವವರು, ಹೊರಗೆ ಬಾಯಿ ಬಿಡುವಂತಿರಲಿಲ್ಲ. ಆಗ ಅವಳ ಕಣ್ಣಿಗೆ ನೀಲಿ ಬೋರ್ಡು ಬಿತ್ತು.

“ಸಾರ್, ಬೆರಳಚ್ಚಿನಲ್ಲಿ ನಿಮಗೆ ಎಷ್ಟು ವರ್ಷದ ಅನುಭವ?”

“ಮೂವತ್ತಾಯ್ತಮ್ಮ.”

ಇದರಲ್ಲಿ ಸುಳ್ಳೇನಿತ್ತು? ಬೆರಳಿನಿಂದ ಅಚ್ಚು ಹೊಡೆಯುವುದೂ ಬೆರಳಚ್ಚೇ, ಬೆರಳಿನ ಅಚ್ಚು ಬೀಳುವುದೂ ಬೆರಳಚ್ಚೇ. ಕನ್ನಡ ಎರಡಕ್ಕೂ ಒಂದೇ ಅಂಗಿ ಹೊಲಿಸಿಟ್ಟಿದ್ದರೆ ಅದು ಅವರ ತಪ್ಪೇ? ಆದರೆ ಎರಡನೆಯ ಪ್ರಶ್ನೆ ಬಂದಾಗ, ಅವಳು ಕೇಳುತ್ತಿರುವುದು ಯಾವ ಬೆರಳಚ್ಚೆಂದು ಅವರಿಗೆ ಗೊತ್ತಾಯಿತು.

“ನಲ್ಲಿ ಮೇಲಿನ ಅಚ್ಚು ಹಳೇದೋ ಹೊಸದೋ ಅಂತ ಹೇಗೆ ಹೇಳ್ತೀರಿ?”

ಆಗಲೇ ತಿದ್ದಬಹುದಿತ್ತು. ಒಂದಕ್ಷರ ತಪ್ಪಿದರೂ ಬಿಳಿ ಬಣ್ಣ ಬಳಿದು ತಿದ್ದುವ ಮನುಷ್ಯ. ಆದರೆ ಅಷ್ಟರಲ್ಲಿ ಟೀ ಅಂಗಡಿಯವನು ಕೆಟಲ್ ಹಿಡಿದೇ ಬಂದು ನಿಂತಿದ್ದ, ಒಬ್ಬಿಬ್ಬರು ವಕೀಲರೂ ನಿಂತಿದ್ದರು. ಮೂವತ್ತು ವರ್ಷದಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿದ್ದಿಲ್ಲ. ಹೇಳಿದ್ದನ್ನು ಹೊಡೆಯುವುದಷ್ಟೇ ಕೆಲಸ. ಬೆರಳು ಮೇಜಿನ ಮೇಲೆ ಟಕಟಕ ಎಂದಿತು, ಬಾಯಿ ತೆರೆಯಿತು.

“ನೋಡಮ್ಮ, ಇಂಕಿನ ರಿಬ್ಬನ್ ಹೊಸದಾಗಿದ್ರೆ ಅಚ್ಚು ಗಾಢ, ಹಳೇದಾದ್ರೆ ಮಸುಕು. ಯಾವ ಅಚ್ಚಿಗಾದ್ರೂ ಇದೇ ನಿಯಮ. ಸ್ಪಷ್ಟ ಅಂದ್ರೆ ತಾಜಾ.”

ಟಿವಿಯವರು ರಿಬ್ಬನ್ನನ್ನು ಕತ್ತರಿಸಿ ತಾಜಾವನ್ನು ಇಟ್ಟುಕೊಂಡರು. ಮುಖದ ಕೆಳಗೆ ‘ಬೆರಳಚ್ಚು ತಜ್ಞರು’ ಎಂದು ಕೆಂಪಕ್ಷರ ಓಡಿತು. ಮಾತು ಕಾಳ್ಗಿಚ್ಚಿನಂತೆ ಹಬ್ಬಿತು. ತರಕಾರಿಯವಳು ಕೂಡ ಬದನೆಕಾಯಿ ಎತ್ತಿ ತೋರಿಸಿ, “ಸ್ಪಷ್ಟ ಅಂದ್ರೆ ತಾಜಾ, ತಗೊಳ್ಳಿ” ಎನ್ನತೊಡಗಿದಳು. ನಲ್ಲಿಯವನ ಕಥೆ ಮುಗಿಯಿತೆಂದು ಎಲ್ಲರೂ ಒಪ್ಪಿದರು. ಜಡ್ಜ್ ಒಬ್ಬರು ಒಪ್ಪುವುದು ಬಾಕಿ.

ಮನೆಯಲ್ಲಿ ಮಾತ್ರ ತಜ್ಞರಿಗೆ ಮರ್ಯಾದೆ ಹೆಚ್ಚಲಿಲ್ಲ. ಹೆಂಡತಿ ಸಕ್ಕರೆ ಡಬ್ಬಿ ತಂದು ಎದುರಿಗಿಟ್ಟರು.

“ಡಾಕ್ಟರು ಸಕ್ಕರೆ ಮುಟ್ಟಬೇಡಿ ಅಂದಿದ್ದು ಯಾರಿಗೆ? ಮುಚ್ಚಳದ ಮೇಲೆ ಸ್ಪಷ್ಟವಾಗಿದೆ. ತಾಜಾನಾ ಹೇಳಿ ತಜ್ಞರೇ.”

ಅವರು ನಕ್ಕರು. ಆದರೆ ರಾತ್ರಿ ಹಾಸಿಗೆಯಲ್ಲಿ ಬೆರಳು ಹೊದಿಕೆಯ ಮೇಲೆ ಓಡಾಡುತ್ತಲೇ ಇತ್ತು. ಹೊಗಳಿಸಿಕೊಂಡವನಿಗೆ ನಿದ್ದೆ ಬರಬೇಕಲ್ಲವೇ? ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದು ಮೆಟ್ಟಿಲಿನ ಕೆಳಗೆ ಬಗ್ಗಿ ನೋಡಿದಳು. ಕೈಯಲ್ಲಿ ಬಟ್ಟೆ ಸುತ್ತಿದ ಏನೋ ಒಂದನ್ನು ಮೊಟ್ಟೆ ಹಿಡಿದಂತೆ ಹಿಡಿದಿದ್ದಳು.

“ನಾನು ನಲ್ಲಿಯವರ ಹೆಂಡತಿ. ಟಿವಿಲಿ ಬಂದಿದ್ರಲ್ಲ, ನೀವೇ ಅಲ್ವಾ?”

ಅವರು ಎದ್ದರು. ತಲೆ ತಾಗಿತು. ಜಗಳಕ್ಕೆ ಬಂದಿದ್ದಾಳೆ, ಬೈಯಲಿ, ಬೈಸಿಕೊಂಡರೆ ಹಗುರಾಗುತ್ತದೆ ಎಂದುಕೊಂಡರು. ಅವಳು ಬೈಯಲಿಲ್ಲ. ಬಟ್ಟೆ ಬಿಚ್ಚಿ ಒಂದು ಗಾಜಿನ ಲೋಟವನ್ನು ಮೇಜಿನ ಮೇಲಿಟ್ಟಳು.

“ಪೊಲೀಸರು ಕರ್ಕೊಂಡು ಹೋದ ದಿನ ಅವರು ನೀರು ಕುಡಿದಿಟ್ಟ ಲೋಟ. ಕೈ ತುಂಬ ಗ್ರೀಸು ಇತ್ತು. ತೊಳೆಯಕ್ಕೆ ಮನಸ್ಸು ಬರಲಿಲ್ಲ, ಅಟ್ಟದ ಮೇಲೆ ಎತ್ತಿಟ್ಟಿದ್ದೆ. ಸ್ವಲ್ಪ ನೋಡಿ ಹೇಳಿ.”

ಅವರು ಲೋಟವನ್ನು ಎತ್ತಿ ಬೆಳಕಿಗೆ ಹಿಡಿದರು. ಗಾಜಿನ ಮೇಲೆ ಬೆರಳಿನ ಗೆರೆಗೆರೆಯೂ ಕಾಣುತ್ತಿತ್ತು.

“ಸ್ಪಷ್ಟವಾಗಿದೆ ಅಲ್ವಾ?”

“ಹೌದು.”

“ಹಾಗಾದ್ರೆ ತಾಜಾನಾ? ಅವರು ಹೋಗಿ ಮಳೆಗಾಲ ಕಳೀತು. ಒಳಗೆ ಕೂತೋರು ನಿನ್ನೆ ಮನೆಗೆ ಬಂದು ನೀರು ಕುಡಿದು ಹೋದ್ರಾ ಅಂತ.”

ಕೊಂಕಿನ ಮಾತಾಗಿದ್ದರೆ ಅವರು ತಡೆದುಕೊಳ್ಳುತ್ತಿದ್ದರು. ಅವಳು ನಿಜವಾಗಿ ಕೇಳುತ್ತಿದ್ದಳು. ತನಗೆ ತಿಳಿಯದ ವಿದ್ಯೆಯಲ್ಲಿ ಇದಕ್ಕೂ ಏನಾದರೂ ಉತ್ತರ ಇರಬಹುದು ಎಂಬ ಮುಖ.

“ನಮ್ಮಣ್ಣ ಇಷ್ಟು ದಿನ ನನ್ನ ಪರವಾಗೇ ಇದ್ದ. ನಿಮ್ಮ ಮಾತು ಕೇಳಿದ ಮೇಲೆ, ಭಾನುವಾರ ಬರ್ತೀನಿ, ಸಾಮಾನು ಕಟ್ಟಿಟ್ಟಿರು, ಇನ್ನು ಅವನನ್ನ ನೋಡೋಕೆ ಜೈಲಿಗೆ ಹೋಗಬೇಡ ಅಂತಾನೆ. ನಂಗೂ ಒಂದೊಂದು ಸಲ…” ಅವಳು ಲೋಟದ ಕಡೆ ನೋಡಿದಳು. “ಓದಿದೋರು ನೀವು. ನೀವು ಹೌದು ಅಂದ್ರೆ ನಾನು ಹೋಗ್ತೀನಿ.”

ಟಕಟಕಪ್ಪನವರ ಬೆರಳು ಆ ಕ್ಷಣ ನಿಂತಿತು. ಅವರಿಗೇ ಅದು ವಿಚಿತ್ರವೆನಿಸಿತು.

“ಅಮ್ಮಾ, ನಾನು ಟೈಪ್ ಹೊಡೆಯೋನು.”

“ಏನು?”

“ಟೈಪು. ಅರ್ಜಿ ಗಿರ್ಜಿ. ನಲ್ಲಿ ಮೇಲಿನ ಬೆರಳಚ್ಚು ನಂಗೇನೂ ಗೊತ್ತಿಲ್ಲ.”

“ಬೋರ್ಡಲ್ಲಿ ಬೆರಳಚ್ಚು ಅಂತಿದೆಯಲ್ಲ.”

“ಇದನ್ನೂ ಬೆರಳಚ್ಚು ಅಂತಾರೆ.”

“ಎರಡಕ್ಕೂ ಒಂದೇ ಮಾತಾ?”

“ಒಂದೇ.”

ಅವಳು ಬಹಳ ಹೊತ್ತು ಬೋರ್ಡನ್ನೇ ನೋಡಿದಳು. “ಎರಡು ಮಾಡಬೇಕಿತ್ತು” ಎಂದಳು. ಆಮೇಲೆ ಲೋಟವನ್ನು ಬಟ್ಟೆಯಲ್ಲಿ ಸುತ್ತುತ್ತ, “ಇದನ್ನ ನನಗೆ ಹೇಳಿದ್ರೆ ಏನು ಬಂತು? ಭಾನುವಾರದೊಳಗೆ ನಮ್ಮಣ್ಣಂಗೆ ತಲುಪೋ ಹಾಗೆ ಹೇಳಿ” ಎಂದು ಹೊರಟುಹೋದಳು.

ಹೇಳುವುದು ಎಷ್ಟು ಹೊತ್ತಿನ ಕೆಲಸ ಎಂದುಕೊಂಡಿದ್ದರು. ಮೊದಲು ಹೇಳಿದ್ದು ವರದಿಗಾರ್ತಿಗೆ. ಅವಳು ಬಣ್ಣಗೆಟ್ಟ ಮುಖದಿಂದ, “ಸಾರ್, ನೀವು ತಜ್ಞರಲ್ಲ ಅಂದ್ರೆ ನಾನೂ ವರದಿಗಾರ್ತಿ ಅಲ್ಲ ಅಂತಾರೆ. ದಯವಿಟ್ಟು ಬೇಡ” ಎಂದಳು. ಟಕಟಕಪ್ಪ ಟೀ ಅಂಗಡಿಯಲ್ಲಿ ನಿಂತು, “ನಾನು ಬರೀ ಟೈಪಿಸ್ಟು, ಆವತ್ತು ಬಾಯಿಗೆ ಬಂದದ್ದು ಹೇಳಿದೆ” ಎಂದರು. ಅಲ್ಲಿ ಆದದ್ದೇ ಬೇರೆ.

“ನೋಡಿದ್ರಾ, ಎಷ್ಟು ತಗ್ಗಿ ಮಾತಾಡ್ತಾರೆ. ತುಂಬಿದ ಕೊಡ ತುಳುಕಲ್ಲ” ಎಂದ ಟೀ ಅಂಗಡಿಯವನು.

“ನಾನು ಖಾಲಿ ಕೊಡ ಕಣಪ್ಪಾ.”

“ಅದನ್ನ ತುಂಬಿದ ಕೊಡವೇ ಹೇಳೋದು ಸ್ವಾಮಿ.”

ಇನ್ನೊಬ್ಬ ಕಿವಿಯ ಹತ್ತಿರ ಬಂದು, “ಯಾರಾದ್ರೂ ಹೆದರಿಸಿದ್ರಾ? ಕಣ್ಣು ಮಿಟುಕಿಸಿ ಸಾಕು” ಎಂದ. ಟಕಟಕಪ್ಪ ಮಿಟುಕಿಸಬಾರದೆಂದು ಕಣ್ಣು ಬಿಟ್ಟುಕೊಂಡೇ ನಿಂತರು. ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಆತ ತಲೆಯಾಡಿಸಿದ, ಎಲ್ಲ ಅರ್ಥವಾಯಿತು ಎಂಬಂತೆ. ಸಂಜೆಯ ಹೊತ್ತಿಗೆ ‘ತಜ್ಞರಿಗೆ ಬೆದರಿಕೆ’ ಎಂಬ ಸುದ್ದಿ ಅವರ ಮನೆಗೇ ವಾಪಸು ಬಂತು.

“ಮಾತಲ್ಲಿ ಹೋಗಿದ್ದು ಮಾತಲ್ಲಿ ಬರಲ್ಲ” ಎಂದರು ಹೆಂಡತಿ. “ಬಾಯಿ ನಿಮ್ಮ ಕಸುಬಲ್ಲ. ಕಸುಬು ತಗೊಂಡು ಹೋಗಿ.”

ಭಾನುವಾರ ಬೆಳಿಗ್ಗೆ ನಲ್ಲಿಯವನ ಬೀದಿಯಲ್ಲಿ ಒಬ್ಬ ಬೋಳುತಲೆಯ ಮನುಷ್ಯ ಟೈಪ್ ಮೆಷಿನ್ನನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಎರಡು ಮನೆಗೊಮ್ಮೆ ಜಗಲಿಯ ಮೇಲಿಳಿಸಿ ಏದುಸಿರು ಬಿಡುತ್ತ ಬರುವುದು ಕಂಡಿತು. ಹಿಂದೆ ಹೆಂಡತಿ, ಕೈಯಲ್ಲಿ ಕಾಗದದ ಕಟ್ಟು.

ಮನೆಯ ಮುಂದೆ ಸಣ್ಣ ಲಾರಿ ನಿಂತಿತ್ತು. ಒಂದು ಮಂಚ ಆಗಲೇ ಅದರ ಮೇಲೆ ಕಾಲು ಮೇಲೆ ಮಾಡಿ ಮಲಗಿತ್ತು. ದಪ್ಪ ಮೀಸೆಯ ಅಣ್ಣ ಹಗ್ಗ ಬಿಗಿಯುತ್ತಿದ್ದ. ಇವರನ್ನು ಕಂಡು ಹಗ್ಗ ಬಿಟ್ಟು ನೆಟ್ಟಗೆ ನಿಂತ.

“ತಜ್ಞರು. ನೀವೇ ಬಂದ್ರಾ?”

“ತಜ್ಞ ಅಲ್ಲ. ಒಂದು ಸ್ಟೂಲು ಕೊಡಿ.”

ಮೆಷಿನ್ನು ಸ್ಟೂಲಿನ ಮೇಲೆ, ತಾವು ಹೊಸಿಲ ಮೇಲೆ ಕೂತರು. ಕಾಗದ ಸುತ್ತಿದರು. ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು.

“ಏನಾದ್ರೂ ಹೇಳಿ” ಎಂದರು ಅಣ್ಣನಿಗೆ.

“ಏನು ಹೇಳಲಿ?”

“ಮನಸ್ಸಿಗೆ ಬಂದದ್ದು. ನಿಲ್ಲಿಸದೆ.”

ಅಣ್ಣ ಕೆಮ್ಮಿದ. “ನನ್ನ ತಂಗಿ ಮೊಂಡಿ. ಚಿಕ್ಕೋಳಿದ್ದಾಗಿಂದ್ಲೂ ಹೇಳಿದ ಮಾತು ಕೇಳಲ್ಲ. ಈ ಮದುವೆನೂ ಹಾಗೇ ಆಗಿದ್ದು. ಮಂಚ ಕಟ್ಟಿದೀನಿ, ಪಾತ್ರೆ ಕೊಡು ಅಂದ್ರೆ ಬೆಳಗಿಂದ ಒಂದು ಸೌಟೂ ಹೊರಗೆ ಬಂದಿಲ್ಲ…”

ಟಕಟಕಪ್ಪ ಅವನ ಮುಖವನ್ನೇ ನೋಡುತ್ತಿದ್ದರು, ಕೀಲಿಗಳ ಕಡೆ ಕಣ್ಣಿರಲಿಲ್ಲ. ಬೆರಳು ಮಳೆ ಹೊಯ್ದಂತೆ ಹೊಯ್ಯಿತು. ಅಣ್ಣ ನಿಲ್ಲಿಸುವುದಕ್ಕೂ ಮೆಷಿನ್ನಿನ ಗಂಟೆ ಟಿಣ್ ಎನ್ನುವುದಕ್ಕೂ ಸರಿಹೋಯಿತು. ಕಾಗದ ಎಳೆದು ಕೊಟ್ಟರು. ಅಣ್ಣ ಗಟ್ಟಿಯಾಗಿ ಓದಿದ. ಸೌಟಿನ ಹತ್ತಿರ ಬರುವಾಗ ಕಿಟಕಿಗಳು ನಕ್ಕವು.

“ಆ ಮೊಂಡಿ ಅನ್ನೋದನ್ನ ಅಳಿಸಿ” ಎಂದಳು ಒಳಗಿನಿಂದ ಬಂದ ತಂಗಿ.

“ಇದೇ ನನ್ನ ಬೆರಳಚ್ಚು” ಎಂದರು ಟಕಟಕಪ್ಪ. “ಇಷ್ಟೇ ನಂಗೆ ಬರೋದು. ಆವತ್ತು ಟಿವಿಲಿ ಹೇಳಿದ್ದು ರಿಬ್ಬನ್ನಿನ ಬಗ್ಗೆ.”

ಅಣ್ಣ ಕಾಗದವನ್ನೂ ಅವರನ್ನೂ ತಿರುತಿರುಗಿ ನೋಡಿದ. ಒಳ್ಳೆ ಟೈಪಿಸ್ಟನನ್ನು ಕಂಡು ಒಬ್ಬ ಮನುಷ್ಯ ಅಷ್ಟು ಪೆಚ್ಚಾದದ್ದು ಎಲ್ಲೂ ಇರಲಿಕ್ಕಿಲ್ಲ.

“ಹಾಗಾದ್ರೆ ಭಾವ ಆ ಕೆಲಸ ಮಾಡಿಲ್ಲ ಅಂತೀರಿ?”

ಕಿಟಕಿಯವರು ಮುಂದಕ್ಕೆ ಬಾಗಿದರು. ನಲ್ಲಿಯವನ ಹೆಂಡತಿ ಬಾಗಿಲ ಚೌಕಟ್ಟು ಹಿಡಿದಳು. ಒಂದೇ ಒಂದು ‘ಇಲ್ಲ’ ಸಾಕಾಗಿತ್ತು. ಮಂಚ ಕೆಳಗಿಳಿಯುತ್ತಿತ್ತು, ಅವಳು ಸಮಾಧಾನದ ಉಸಿರು ಬಿಡುತ್ತಿದ್ದಳು, ಅವರೂ ಮನೆಗೆ ಹೋಗಿ ನಿದ್ದೆ ಮಾಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬೆರಳು ಹೊಸಿಲ ಮೇಲೆ ಟಕ್ ಎಂದಿತು. ಹೆಂಡತಿ ಕೆಮ್ಮಿದರು.

“ನಂಗೊತ್ತಿಲ್ಲ” ಎಂದರು ಟಕಟಕಪ್ಪ. “ಮಾಡಿದ್ರೂ ಗೊತ್ತಿಲ್ಲ, ಮಾಡದಿದ್ರೂ ಗೊತ್ತಿಲ್ಲ. ನನ್ನ ಮಾತು ಕೇಳಿ ಮಂಚ ಕಟ್ಟಿದ್ರೆ ಬಿಚ್ಚಿ. ಬೇರೆ ಕಾರಣಕ್ಕೆ ಕಟ್ಟಿದ್ರೆ ನಿಮ್ಮಿಷ್ಟ.”

ಕಿಟಕಿಗಳಿಗೆ ಬೇಸರವಾಯಿತು. ಗೊತ್ತಿಲ್ಲ ಎನ್ನುವುದಕ್ಕೆ ಅಷ್ಟು ಭಾರ ಹೊತ್ತು ಬರಬೇಕಿತ್ತೇ ಎಂದು ಯಾರೋ ಗೊಣಗಿದರು. ಅಣ್ಣ ಹಗ್ಗವನ್ನೇ ನೋಡುತ್ತ ನಿಂತ. “ನಾಳೆ ಕೋರ್ಟಿಗೆ ಬೆರಳಚ್ಚಿನವರು ಬರ್ತಾರಂತಲ್ಲ, ನಿಜವಾದೋರು. ಅವರೇನು ಅಂತಾರೋ ಕೇಳೋಣ” ಎಂದು ಗಂಟಿಗೆ ಕೈ ಹಾಕಿದ. ಅಷ್ಟು ಬಿಗಿಯಾಗಿ ಕಟ್ಟಿದ್ದರಿಂದ ಹಲ್ಲು ಹಾಕಬೇಕಾಯಿತು.

ಹೆಂಗಸು ಒಳಗೆ ಹೋಗಿ ಇವರಿಗೆ ನೀರು ತಂದಳು. ಸ್ಟೀಲಿನ ಲೋಟದಲ್ಲಿ. ಗಾಜಿನದು ಅಟ್ಟದ ಮೇಲೆ ಕಿಟಕಿಯ ಬೆಳಕಿಗೆ ಹೊಳೆಯುತ್ತಿತ್ತು. ಆವತ್ತು ತಾವು ಅದನ್ನು ಎತ್ತಿ ಹಿಡಿದದ್ದು ಅವರಿಗೆ ಫಕ್ಕನೆ ನೆನಪಾಯಿತು. ಈಗ ಗಾಜಿನ ಮೇಲೆ ಎರಡು ಕೈಗಳ ಅಚ್ಚು. ಎರಡೂ ಸ್ಪಷ್ಟ.

“ಅಯ್ಯೋ, ನಂದೂ ಬಿದ್ದಿದೆ ಅದರ ಮೇಲೆ. ಯಾವುದು ಯಾರದು ಅಂತ…”

“ನಂಗೊತ್ತು” ಎಂದಳು ಅವಳು. “ನಿಮ್ಮದು ಇಂಕಿನದು. ಬುಧವಾರ ನೋಡೋಕೆ ಬಿಡ್ತಾರೆ, ಹೋಗಿ ಬರ್ತೀನಿ. ಅವರನ್ನೇ ಎದುರಿಗೆ ಕೂರಿಸಿಕೊಂಡು ಒಂದು ಸಲ ಕೇಳಬೇಕು. ಇಷ್ಟು ದಿನ ಊರನ್ನೆಲ್ಲ ಕೇಳಿದೆ, ಅವರನ್ನ ಕೇಳಿಲ್ಲ.”

ಅವರು ನೀರು ಕುಡಿದರು. ಲೋಟ ಕೆಳಗಿಡುವಾಗ ಬೆರಳು ಅದರ ಮೇಲೆ ಟಕಟಕ ಎನ್ನುತ್ತಿತ್ತು. ಹೆಂಡತಿ ನೋಡುತ್ತಿದ್ದರು. ಈ ಸಲ ಏನು ಟೈಪಾಯಿತೆಂದು ಕೇಳಲಿಲ್ಲ.