ಎಂಟು ಗುಂಡಿ, ಒಂದು ಸುಮ್ನೆ

ರಟ್ಟು ಕತ್ತರಿಸುವುದೇ ಅವಳ ಕೆಲಸ. ಮಾತು ಬಾರದ ಮಕ್ಕಳ ಪರವಾಗಿ ಮಾತಾಡುವ ಪೆಟ್ಟಿಗೆ ತಯಾರಿಸುವ ಕಚೇರಿ ಅದು. ಪ್ಲಾಸ್ಟಿಕ್ಕಿನ ಅಚ್ಚಿಗೆ ಹೋಗುವ ಮೊದಲು ಪೆಟ್ಟಿಗೆಯ ರಟ್ಟಿನ ಮಾದರಿ ಅವಳ ಕೈಯಲ್ಲೇ ಆಗಬೇಕು. ಪೆಟ್ಟಿಗೆ ಹೇಗಿರಬೇಕು ಎಂದು ಹೇಳುವವರು ಪ್ರತಿ ಶನಿವಾರ ಬರುವ ಮಕ್ಕಳು. ಮಾತು ಬಾರದವರು, ಜೊತೆಗೆ ಅವರ ಅಕ್ಕತಂಗಿಯರು. ಹಿಡಿ ದಪ್ಪ ಆಯ್ತು, ಬಣ್ಣ ಔಷಧಿ ಬಾಟಲಿ ಥರ ಇದೆ ಎಂದು ಮುಲಾಜಿಲ್ಲದೆ ತಳ್ಳಿಹಾಕುತ್ತಾರೆ. ರಟ್ಟಕ್ಕ (ಮಕ್ಕಳಿಟ್ಟ ಹೆಸರು) ಮತ್ತೆ ಕತ್ತರಿಸುತ್ತಾಳೆ.

ಆ ಮಕ್ಕಳಲ್ಲಿ ಅವಳ ಮಗಳೂ ಒಬ್ಬಳು, ಎಂಟು ವರ್ಷದವಳು. ಇವಳಿಗೆ ಇನ್ನು ಮಾತು ಬರುವುದಿಲ್ಲ ಎಂದು ಡಾಕ್ಟರು ಹೋದ ತಿಂಗಳು ಹೇಳಿದರು. "ಆಯ್ತು ಸರ್" ಎಂದು ರಟ್ಟಕ್ಕ ಚೀಟಿ ಮಡಚಿಕೊಂಡು ಎದ್ದು ಬಂದಳು. ಅಳು ಬರಲಿಲ್ಲ. ಅಂದಿನಿಂದ ಬೆರಳಿಗೆ ಬ್ಲೇಡು ತಾಗಿದರೂ ರಕ್ತ ಕಂಡ ಮೇಲೆಯೇ ಅವಳಿಗೆ ಗೊತ್ತಾಗುವುದು.

ಈ ಶನಿವಾರ ಗುಂಡಿಗಳ ಸರದಿ. ಇರುವುದು ಎಂಟೇ ಗುಂಡಿ, ಒಂದನ್ನು ಒತ್ತಿದರೆ ಒಂದು ಮಾತು. ಅಮ್ಮ, ನೀರು, ನೋವು, ಬೇಡ ಎಂದೆಲ್ಲ ಏಳು ಆರಿಸಿ ಆಗಿತ್ತು. ಎಂಟನೆಯದಕ್ಕೆ ಮಗಳು ಚೀಟಿಯಲ್ಲಿ ಬರೆದುಕೊಟ್ಟಳು: "ಸುಮ್ನೆ".

ಕಚೇರಿಯ ಇಂಜಿನಿಯರು ಅದರ ಪಕ್ಕ ತುಟಿಯ ಮೇಲೆ ಬೆರಳಿಟ್ಟ ಚಿತ್ರ ಅಂಟಿಸಿದರು. ಮಗಳು ಕಿತ್ತುಹಾಕಿದಳು.

"ಅಯ್ಯೋ ಸರ್, ಅಷ್ಟೂ ಗೊತ್ತಾಗಲ್ವಾ?" ತಂಗಿಯ ಜೊತೆ ಬಂದಿದ್ದ ಹಲ್ಲುಬಿದ್ದ ಹುಡುಗಿ ನಕ್ಕಳು. "ಸುಮ್ನಿರು ಅನ್ನೋ ಸುಮ್ನೆ ಅಲ್ಲ ಅದು. ಅಮ್ಮಾ ಅಂತ ಕರೀತೀವಿ. ಏನೇ ಅಂತಾರೆ. ಏನಿಲ್ಲ, ಸುಮ್ನೆ ಅಂತೀವಲ್ಲ, ಆ ಸುಮ್ನೆ!"

ಮಗಳು ಹೌದು ಹೌದೆಂದು ತಲೆಯಾಡಿಸಿದಳು.

ಮೂಲೆಯ ಮೇಜಿನಲ್ಲಿ ರಟ್ಟಕ್ಕನ ಬ್ಲೇಡು ನಿಂತಿತು. ಮಗಳು ದಿನಕ್ಕೆ ಹತ್ತು ಸಲ ಬಂದು ತೋಳು ಜಗ್ಗುತ್ತಾಳೆ. ಹಸಿವಾ? ನೀರಾ? ಹೊಟ್ಟೆನೋವಾ? ಯಾವುದಕ್ಕೂ ಅಲ್ಲವೆಂದು ತಲೆ ಅಲ್ಲಾಡಿಸಿದಾಗ ರಟ್ಟಕ್ಕ ರೇಗಿ ಕಳಿಸುತ್ತಾಳೆ.

"ಅರ್ಥವೇ ಇಲ್ಲದ ಮಾತಿಗೆ ಒಂದು ಗುಂಡಿ ದಂಡ," ಎಂದರು ಇಂಜಿನಿಯರು. "ಎಂಟನೇದು 'ಆಸ್ಪತ್ರೆ' ಇರ್ಲಿ. ಅಕ್ಕಾ, ಸಂಜೆ ಮಾದರಿ ಅಚ್ಚಿಗೆ ಹೋಗ್ಬೇಕು."

ಮಗಳು ಚೀಟಿಯನ್ನು ಮುಷ್ಟಿಯಲ್ಲಿ ಹಿಡಿದು ಅಮ್ಮನನ್ನೇ ನೋಡಿದಳು. ಅಮ್ಮ ಹೊಸ ರಟ್ಟು ಎಳೆದುಕೊಂಡಳು.

ಸಂಜೆ ಇಂಜಿನಿಯರು ಮಾದರಿಯಲ್ಲಿ ಗುಂಡಿ ಕೂರುವ ತೂತುಗಳನ್ನು ಬೆರಳಿಟ್ಟು ಎಣಿಸಿದರು.

"ಎಂಟಲ್ವಾ ಹೇಳಿದ್ದು? ಇದ್ಯಾಕಕ್ಕಾ ಒಂಬತ್ತು?"

"ಸುಮ್ನೆ."

ಹಲ್ಲುಬಿದ್ದವಳು ಕಿಸಕ್ಕೆಂದಳು. ಇಂಜಿನಿಯರು ಒಂಬತ್ತನೆಯದನ್ನು ಮತ್ತೊಮ್ಮೆ ಮುಟ್ಟಿ ನೋಡಿ, ಮಾದರಿಯನ್ನು ಹಾಗೆಯೇ ಚೀಲಕ್ಕೆ ಹಾಕಿಕೊಂಡರು.

ರಟ್ಟಕ್ಕನಿಗೆ ಖುಷಿ ಎಂದೇನೂ ಆಗಲಿಲ್ಲ. ಚೂರುಗಳನ್ನು ಗುಡಿಸುತ್ತಿದ್ದಾಗ ಮಗಳು ಬಂದು ತೋಳು ಜಗ್ಗಿದಳು. ಹಸಿವಾ, ನೀರಾ ಎಂದು ಇವಳು ಕೇಳಲಿಲ್ಲ.

"ಹ್ಞೂಂ," ಎಂದಳು, ಗುಡಿಸುತ್ತಲೇ.